ಮೂರು ಕಡಲು ಕಂಡ ಹಡಗು

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬಾರ್ ಹಾರ್ಬರ್‌ನ ಮುಂದಿನ ಫ್ರೆಂಚ್‌ಮನ್ ಕೊಲ್ಲಿಯಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಮೊದಲು ಎಗ್ ರಾಕ್ ದೀಪಸ್ತಂಭದ ಪಕ್ಕದಲ್ಲಿ ಬಿಳಿ ಚುಕ್ಕೆ, ಆಮೇಲೆ ಪಾರ್ಕ್ಯುಪೈನ್ ದ್ವೀಪಗಳ ಹಸಿರಿನ ಎದುರು ಅಂತಸ್ತು ಅಂತಸ್ತಾಗಿ ಎದ್ದು ನಿಂತ ಒಂದು ಅಲ್ಯುಮಿನಿಯಂ ಕಟ್ಟಡ. ಹತ್ತಿರ ಬಂದಾಗಲೇ ತಿಳಿಯುವುದು, ಅದು ನಿಂತಿರುವುದು ಒಂದು ಒಡಲಿನ ಮೇಲಲ್ಲ, ಎರಡರ ಮೇಲೆ ಎಂದು. ಎರಡು ಚೂಪು ಮೂತಿಗಳ ನಡುವೆ ನೀರು ಸರಾಗವಾಗಿ ಹಾದುಹೋಗುತ್ತಿರುತ್ತದೆ. 107 ಮೀಟರ್ ಉದ್ದ, ಹತ್ತಿರಹತ್ತಿರ 24 ಮೀಟರ್ ಅಗಲ. ಅಮೆರಿಕದ ಮೇನ್ ರಾಜ್ಯದ ಈ ಪುಟ್ಟ ಊರಿನಿಂದ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಯಾರ್ಮತ್‌ಗೆ ಮೂರೂವರೆ ಗಂಟೆಯಲ್ಲಿ ಜನರನ್ನೂ ಕಾರುಗಳನ್ನೂ ದಾಟಿಸುವ ಈ ಕ್ಯಾಟಮರಾನ್ ಹಡಗನ್ನು ಎರಡೂ ದಡದವರು ‘ದ ಕ್ಯಾಟ್’ ಎನ್ನುತ್ತಾರೆ.

ಆದರೆ ಅದರ ಮೊದಲ ಹೆಸರು ‘ಅಲಾಕೈ’. ಅಲಬಾಮಾದ ಮೊಬೈಲ್ ನಗರದಲ್ಲಿ, ಮೆಕ್ಸಿಕೋ ಕೊಲ್ಲಿಯ ಅಂಚಿನ ಆಸ್ಟಲ್ ಕಂಪನಿಯ ಹಡಗುಕಟ್ಟೆಯಲ್ಲಿ ಹುಟ್ಟಿ, ಪನಾಮಾದ ಆಚೆಗಿನ ಪೆಸಿಫಿಕ್ ಸಾಗರದಲ್ಲಿ ಹವಾಯಿಯ ದ್ವೀಪಗಳ ನಡುವೆ ಓಡಾಡಲೆಂದು ಕಟ್ಟಿದ ಹಡಗು ಇದು. ಅಲ್ಲಿ ಬದುಕಲಾಗಲಿಲ್ಲ. ಸಾಲಕ್ಕೆ ಖಾತರಿ ನಿಂತವರ ಕೈಗೆ ಹೋಯಿತು, ನೌಕಾಪಡೆಯ ಆಸ್ತಿಯಾಯಿತು, ವರ್ಷಗಟ್ಟಲೆ ಸುಮ್ಮನೆ ಕಟ್ಟಿಹಾಕಿಸಿಕೊಂಡಿತು. ಕೊನೆಗೆ ಒಂದು ಖಾಸಗಿ ಕಂಪನಿ ಬಾಡಿಗೆಗೆ ಪಡೆದು ಅಟ್ಲಾಂಟಿಕ್‌ನ ಈ ಮೂಲೆಯಲ್ಲಿ ಮತ್ತೆ ಓಡಿಸಿತು. ಒಂದು ಪ್ರವಾಸವನ್ನು ಒಂದು ಹಡಗಿನ ಬದುಕಿನ ಜೊತೆ ಸೇರಿಸಿ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ.

ಹೊರಡುವುದು ಮಧ್ಯಾಹ್ನ ಮೂರಕ್ಕೆ. ಅದಕ್ಕೂ ಎಷ್ಟೋ ಮೊದಲೇ ಈಡನ್ ಸ್ಟ್ರೀಟಿನ ಟರ್ಮಿನಲ್ಲಿನಲ್ಲಿ ವಾಹನಗಳ ಸಾಲು ಬೆಳೆದಿರುತ್ತದೆ. ಅಕೇಡಿಯಾ ರಾಷ್ಟ್ರೀಯ ಉದ್ಯಾನ ಮುಗಿಸಿ ಬಂದ ಕುಟುಂಬಗಳು, ಬೆನ್ನಿಗೆ ಸೈಕಲ್ ಕಟ್ಟಿಕೊಂಡ ಕಾರುಗಳು, ನಿವೃತ್ತ ದಂಪತಿಗಳ ಮನೆಯಂಥ ಕ್ಯಾಂಪರ್ ವಾಹನಗಳು, ಗುಂಪುಗುಂಪಾಗಿ ಬಂದ ಮೋಟಾರ್‌ಸೈಕಲ್ ಸವಾರರು. ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಸಿಗಂದೂರು ಲಾಂಚಿಗೆ ಕಾರು ಹತ್ತಿಸಿದವರಿಗೆ ಮುಂದಿನ ಅರ್ಧ ಗಂಟೆ ಪರಿಚಿತ ಅನ್ನಿಸೀತು: ಹೊಳೆಯುವ ಜಾಕೆಟ್ ತೊಟ್ಟವರ ಕೈಸನ್ನೆ, ಇನ್ನೂ ಸ್ವಲ್ಪ ಮುಂದೆ, ಎಡಕ್ಕೆ ತಿರುಗಿಸಿ, ಸಾಕು, ಹ್ಯಾಂಡ್‌ಬ್ರೇಕ್ ಎಳೆಯಿರಿ. ಹೊಳೆಬಾಗಿಲಿನ ಲಾಂಚಿನಲ್ಲಿ ಹತ್ತಾರು ವಾಹನ ಹಿಡಿಯುತ್ತಿದ್ದರೆ ಇಲ್ಲಿ ಹೊಟ್ಟೆಯ ಅಳತೆಯೇ ಬೇರೆ. ಹವಾಯಿಗೆಂದು ಕಟ್ಟಿದಾಗ 866 ಪ್ರಯಾಣಿಕರು, 282 ಕಾರುಗಳ ಲೆಕ್ಕ ಹಾಕಿದ್ದರು. ಮೋಟಾರ್‌ಸೈಕಲ್‌ಗಳನ್ನು ಪಟ್ಟಿಗಳಿಂದ ಬಿಗಿದು ಕಟ್ಟುತ್ತಾರೆ, ಏಕೆಂದರೆ ಹೊರಗಿನ ಸಮುದ್ರ ಹಿನ್ನೀರಲ್ಲ. ಹಡಗು ಹೊರಟ ಮೇಲೆ ಕಾರುಗಳ ಅಂತಸ್ತಿನಲ್ಲಿ ಯಾರೂ ಉಳಿಯುವ ಹಾಗಿಲ್ಲ. ಎಲ್ಲರೂ ಮೇಲೆ, ವಿಮಾನದಂತೆ ಸಾಲುಸಾಲು ಕುರ್ಚಿಗಳಿರುವ ಹಾಲ್‌ಗೆ ಹೋಗಬೇಕು.

ಹಿಂದಿನ ತೆರೆದ ಅಟ್ಟದಲ್ಲಿ ಜಾಗ ಸಿಕ್ಕವರು ಅದೃಷ್ಟವಂತರು. ಈ ಹಡಗಿನ ಗುಟ್ಟೆಲ್ಲ ಇರುವುದು ಅಲ್ಲಿ. ನೀರು ಕಡೆಯುವ ಪ್ರೊಪೆಲ್ಲರ್ ಇದಕ್ಕಿಲ್ಲ. ಒಡಲಿನ ತಳದಿಂದ ಸಮುದ್ರದ ನೀರನ್ನು ಹೀರಿ, ಪಂಪಿನಲ್ಲಿ ಒತ್ತಡ ಕೊಟ್ಟು, ಹಿಂಬದಿಯಿಂದ ರಭಸವಾಗಿ ಉಗುಳುವ ವಾಟರ್‌ಜೆಟ್‌ಗಳಿವೆ. ಆ ನೀರಿನ ಬಾಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿದರೆ ಹಡಗೂ ತಿರುಗುತ್ತದೆ. ಬಂದರಿನಲ್ಲಿರುವಾಗ ಹಿಂದೆ ಬರೀ ಹಸಿರು ನೊರೆ. ಕೊಲ್ಲಿ ದಾಟಿ ನಾಲ್ಕೂ ಎಂಜಿನ್‌ಗಳು ಪೂರ್ತಿ ತೆರೆದುಕೊಂಡಾಗ ಬಿಳಿ ನೀರು ದಿಬ್ಬದಂತೆ ಎದ್ದು, ದೂರದವರೆಗೆ ಅಗಲವಾದ ರಸ್ತೆಯೊಂದನ್ನು ಹಾಸುತ್ತದೆ. ಒಂದೊಂದು ಎಂಜಿನ್ 8,200 ಕಿಲೋವ್ಯಾಟ್‌ನದು. ಕಾಲಡಿಯ ಲೋಹದಲ್ಲಿ ಸಣ್ಣ ನಡುಕ ನಿರಂತರವಾಗಿರುತ್ತದೆ, ಮಾತು ಕೇಳಿಸಬೇಕಾದರೆ ಸ್ವರ ಏರಿಸಬೇಕು. ಈ ವೇಗಕ್ಕೆ ಕೊಡುವ ಬೆಲೆ ಡೀಸೆಲ್. ವೇಗ ಏರಿದ್ದಕ್ಕಿಂತ ಬಹಳ ಬೇಗ ಇಂಧನದ ಖರ್ಚು ಏರುತ್ತದೆ. ಜಗತ್ತಿನ ಹಲವು ವೇಗದ ಕ್ಯಾಟಮರಾನ್‌ಗಳು ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ದಡ ಸೇರಿ ನಿಂತಿದ್ದು ಈ ಒಂದು ಲೆಕ್ಕದಿಂದ.

ಅಲಾಕೈ ನಿಂತಿದ್ದು ಮಾತ್ರ ಆ ಲೆಕ್ಕದಿಂದಲ್ಲ. ಅದರ ಕಥೆ ಬೇರೆ.

ಹವಾಯಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಲು ಜನಸಾಮಾನ್ಯರಿಗೆ ಬಹುಮಟ್ಟಿಗೆ ಇದ್ದದ್ದು ವಿಮಾನವೊಂದೇ. ಕಾರು, ತರಕಾರಿ, ಹೊದಿಕೆ ಹಾಸಿಗೆ ಸಮೇತ ಹೋಗುವ ದಾರಿ ಬೇಕೆಂಬ ಆಸೆ ಹಳೆಯದು, ನ್ಯಾಯವಾದದ್ದು. ಹವಾಯಿ ಸೂಪರ್‌ಫೆರಿ ಎಂಬ ಖಾಸಗಿ ಕಂಪನಿ ಎರಡು ಹಡಗು ಕಟ್ಟಿಸಲು ಮುಂದಾಯಿತು. ಅಮೆರಿಕದ ನೌಕಾ ಖಾತೆಯ ಕಾರ್ಯದರ್ಶಿಯಾಗಿದ್ದ ಜಾನ್ ಲೇಮನ್ ಅವರ ಹೂಡಿಕೆ ಸಂಸ್ಥೆ ಹಣ ಹಾಕಿತು, ಕೇಂದ್ರ ಸರ್ಕಾರ ಸುಮಾರು 14 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಂತಿತು, ಹವಾಯಿ ರಾಜ್ಯ ಬಂದರುಗಳ ಸಿದ್ಧತೆಗೆ 4 ಕೋಟಿ ಡಾಲರ್ ಖರ್ಚು ಮಾಡಿತು. ಒಂದು ಕೆಲಸ ಮಾತ್ರ ಬಿಟ್ಟುಹೋಯಿತು. ಪರಿಸರದ ಮೇಲಾಗುವ ಪರಿಣಾಮದ ಅಧ್ಯಯನ ಬೇಡವೆಂದು ರಾಜ್ಯದ ಸಾರಿಗೆ ಇಲಾಖೆ ವಿನಾಯಿತಿ ಕೊಟ್ಟುಬಿಟ್ಟಿತು. ಚಳಿಗಾಲದಲ್ಲಿ ಮರಿ ಹಾಕಲು ಬರುವ ಹಂಪ್‌ಬ್ಯಾಕ್ ತಿಮಿಂಗಿಲಗಳ ಕಡಲಿನಲ್ಲಿ 35 ನಾಟ್ ವೇಗದ, ಅಂದರೆ ಗಂಟೆಗೆ 65 ಕಿಲೋಮೀಟರ್ ಓಡುವ ಹಡಗು ಏನು ಮಾಡೀತು, ಕಾರುಗಳ ಚಕ್ರಕ್ಕಂಟಿಕೊಂಡು ಯಾವ ಕಳೆ, ಯಾವ ಕೀಟ ದ್ವೀಪ ದಾಟೀತು ಎಂದು ಕೇಳಿದವರು ಕೋರ್ಟಿಗೆ ಹೋದರು.

2007ರ ಆಗಸ್ಟ್ 23ರಂದು ರಾಜ್ಯದ ಸುಪ್ರೀಂ ಕೋರ್ಟ್ ಆ ವಿನಾಯಿತಿ ತಪ್ಪು ಎಂದಿತು. ಕಂಪನಿ ತಡೆದು ನಿಲ್ಲಬಹುದಿತ್ತು. ಬದಲಿಗೆ ಸೇವೆಯನ್ನು ಎರಡು ದಿನ ಮೊದಲೇ, ಆಗಸ್ಟ್ 26ರಂದು, 5 ಡಾಲರ್ ಟಿಕೆಟ್‌ನೊಂದಿಗೆ ಆರಂಭಿಸಿತು. ಆ ಸಂಜೆ ಕೌಆಯಿ ದ್ವೀಪದ ನವಿಲಿವಿಲಿ ಬಂದರಿನಲ್ಲಿ ಸರ್ಫಿಂಗ್ ಹಲಗೆಗಳ ಮೇಲೆ, ಕಯಾಕ್‌ಗಳಲ್ಲಿ, ಕೆಲವರು ಬರೀ ಈಜುತ್ತ ನೀರಿಗಿಳಿದರು. ಮೊದಲ ದಿನ ಹಡಗು ತಡವಾಗಿಯಾದರೂ ದಡ ಸೇರಿತು. ಮರುದಿನ ಬಂದರಿನ ಬಾಯಲ್ಲಿ ಕೋಸ್ಟ್ ಗಾರ್ಡ್ ದೋಣಿಗಳು ಹಲಗೆ ಹಿಡಿದವರನ್ನು ಸರಿಸುತ್ತಿದ್ದ ಹಾಗೆ ಅವರು ಮತ್ತೆ ಮತ್ತೆ ಸೇರಿಕೊಂಡರು. ಗಂಟೆಗಟ್ಟಲೆ ಕಾದ ಅಲಾಕೈ ಪ್ರಯಾಣಿಕರನ್ನೂ ಅವರ ಕಾರುಗಳನ್ನೂ ಹೊತ್ತುಕೊಂಡೇ ಹೊನೊಲುಲುಗೆ ಹಿಂತಿರುಗಿತು. ಕೌಆಯಿಗೆ ಅದು ಮತ್ತೆಂದೂ ಪ್ರಯಾಣಿಕರನ್ನು ಕರೆತರಲಿಲ್ಲ.

ಆಮೇಲಿನದು ಕಾನೂನಿನ ಓಟ. ಶಾಸನಸಭೆ ವಿಶೇಷ ಅಧಿವೇಶನ ಕರೆದು, ಅಧ್ಯಯನ ನಡೆಯುತ್ತಿರುವಾಗಲೇ ಹಡಗು ಓಡಬಹುದೆಂಬ ಕಾಯ್ದೆ ಮಾಡಿತು. ರಾಜ್ಯಪಾಲೆ ಲಿಂಡಾ ಲಿಂಗಲ್ ಸಹಿ ಹಾಕಿದರು. ಡಿಸೆಂಬರ್‌ನಲ್ಲಿ ಮಾವಿ ದ್ವೀಪಕ್ಕೆ ಸೇವೆ ಮತ್ತೆ ಶುರುವಾಯಿತು. 2009ರ ಮಾರ್ಚ್ 16ರಂದು ಅದೇ ಸುಪ್ರೀಂ ಕೋರ್ಟ್, ಒಂದೇ ಕಂಪನಿಯ ಅನುಕೂಲಕ್ಕೆ ಮಾಡಿದ ಆ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂದಿತು. ಮೂರೇ ದಿನಕ್ಕೆ ಹಡಗು ನಿಂತಿತು, ಮೇ ತಿಂಗಳಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮಾವಿಯ ರೈತರು, ಒವಾಹು ದ್ವೀಪದಲ್ಲಿ ನೆಂಟರಿದ್ದವರು ನಿಜಕ್ಕೂ ನೊಂದರು. ಆದರೆ ಅವರ ದಾರಿಯನ್ನು ಮುಚ್ಚಿಸಿದ್ದು ತಿಮಿಂಗಿಲಪ್ರಿಯರೆಂದು ಬೈಯುವುದು ಅನ್ಯಾಯ. ಒಂದೆರಡು ವರ್ಷ ಮೊದಲೇ ಮಾಡಬೇಕಿದ್ದ ಅಧ್ಯಯನವನ್ನು ಆತುರದಲ್ಲಿ ಬದಿಗೊತ್ತಿದವರೇ ಆ ಹಡಗನ್ನು ಮುಳುಗಿಸಿದರು.

ಖಾತರಿ ನಿಂತಿದ್ದ ಕೇಂದ್ರ ಸರ್ಕಾರ ಹಡಗುಗಳನ್ನು ವಶಕ್ಕೆ ತೆಗೆದುಕೊಂಡಿತು. ಜೋಡಿ ಹಡಗು ಹುವಾಕೈ 2010ರ ಹೈಟಿ ಭೂಕಂಪದ ಪರಿಹಾರಕ್ಕೆ ಹೋಗಿಬಂತು. 2012ರಲ್ಲಿ ನೌಕಾಪಡೆ ಎರಡನ್ನೂ ಸೇರಿಸಿ 3.5 ಕೋಟಿ ಡಾಲರ್‌ಗೆ ಪಡೆಯಿತು. ಹುವಾಕೈ ‘ಗುವಾಮ್’ ಆಗಿ ಜಪಾನಿನ ಒಕಿನಾವಾದಲ್ಲಿರುವ ಮರೀನ್ ಸೈನಿಕರನ್ನು ಸಾಗಿಸುವ ಕೆಲಸಕ್ಕೆ ಸೇರಿತು. ಅಲಾಕೈಗೆ ‘ಪೋರ್ಟೊ ರಿಕೊ’ ಎಂಬ ಹೆಸರು ಬಂತು, ಕೆಲಸ ಬರಲಿಲ್ಲ. ಫಿಲಡೆಲ್ಫಿಯಾದಲ್ಲಿ ಕಟ್ಟಿಹಾಕಿದ ಹಳೆಯ ಯುದ್ಧನೌಕೆಗಳ ನಡುವೆ ಅದು ಬಿದ್ದಿತ್ತು.

ನಿವೃತ್ತಿಯಾದ ಇಂಥ ಹಡಗುಗಳೆಲ್ಲ ಮತ್ತೆ ಎದ್ದು ಬರುವುದಿಲ್ಲ. ಕೆನಡಾದ ಇನ್ನೊಂದು ಕರಾವಳಿಯಲ್ಲಿ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ತಾನೇ ಕಟ್ಟಿಸಿದ ಮೂರು ‘ಪೆಸಿಫಿಕ್ಯಾಟ್’ಗಳ ಗತಿ ಎಲ್ಲರಿಗೂ ಪಾಠವಾಗಬೇಕಿತ್ತು. ಸುಮಾರು 45 ಕೋಟಿ ಕೆನಡಾ ಡಾಲರ್ ನುಂಗಿದ ಅವು ಎಬ್ಬಿಸುತ್ತಿದ್ದ ಅಲೆಗಳು ದಡದ ಆಸ್ತಿಗಳಿಗೆ ಹೊಡೆಯುತ್ತವೆಂದು ದೂರು ಬಂತು. ವೇಗ ತಗ್ಗಿಸಿದರೆ ವೇಗದ ಹಡಗಿಗೆ ಅರ್ಥವಿಲ್ಲ. 2003ರಲ್ಲಿ ಮೂರೂ ಸೇರಿ 1.94 ಕೋಟಿ ಡಾಲರ್‌ಗೆ ಹರಾಜಾದವು. ಇನ್ನು ಕೆಲವಕ್ಕೆ ಬೇರೆ ಕಡಲು ಸಿಕ್ಕಿತು. ಜಪಾನಿನಲ್ಲಿ 2007ರಲ್ಲಿ ಅವೊಮೊರಿ–ಹಕೊದಾತೆ ನಡುವೆ ಓಡಲು ಬಂದ ‘ನಾಚನ್ ರೆರಾ’ ಮರುವರ್ಷದ ತೈಲಬೆಲೆಗೆ ತತ್ತರಿಸಿ ನಿಂತಿತು. ಆಮೇಲೆ ತೈವಾನಿನ ಖಾಸಗಿ ಕಂಪನಿಯೊಂದು ಕೊಂಡು ತನ್ನ ಪೂರ್ವ ಕರಾವಳಿಯಲ್ಲಿ ಓಡಿಸಿತು. ಇದೇ ಯಾರ್ಮತ್‌ನ ಹಿಂದಿನ ‘ದ ಕ್ಯಾಟ್’ ಮುಂದೆ ‘ಹೈ ಶಿಯಾ ಹಾವ್’ ಎಂಬ ಹೆಸರಿನಲ್ಲಿ ಚೀನಾದ ಪಿಂಗ್‌ತಾನ್‌ನಿಂದ ತೈವಾನಿಗೆ ಜಲಸಂಧಿ ದಾಟುವ ಹಡಗಾಯಿತು.

ಹೌದು, ಯಾರ್ಮತ್‌ಗೆ ಇದಕ್ಕೂ ಮುಂಚೆ ಕ್ಯಾಟಮರಾನ್ ಇತ್ತು. ಈ ದಾರಿಯಲ್ಲಿ 1956ರಿಂದ ‘ಬ್ಲೂನೋಸ್’ ಎಂಬ ಸಾಂಪ್ರದಾಯಿಕ ಹಡಗು ಓಡುತ್ತಿತ್ತು. 1997ರಲ್ಲಿ ಸರ್ಕಾರಿ ಸಂಸ್ಥೆಯ ಕೈಯಿಂದ ಮಾರ್ಗ ಬೇ ಫೆರೀಸ್ ಎಂಬ ಖಾಸಗಿ ಕಂಪನಿಗೆ ಹೋಯಿತು. ಮರುವರ್ಷವೇ ಅದು ಟಾಸ್ಮೇನಿಯಾದ ಇನ್‌ಕ್ಯಾಟ್ ಕಟ್ಟಿದ ವೇಗದ ಹಡಗು ತಂದಿತು. ಪ್ರಯಾಣ ಮೂರು ಗಂಟೆಗಿಂತ ಕೆಳಗಿಳಿಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಯಾರ್ಮತ್ ಬಂದರಿನ ಕಾವಳದಲ್ಲಿ ಅದು ಮೀನುಗಾರಿಕೆ ದೋಣಿಯೊಂದಕ್ಕೆ ಡಿಕ್ಕಿ ಹೊಡೆದು ದೋಣಿಯ ಕ್ಯಾಪ್ಟನ್ ತೀರಿಕೊಂಡರು. ವೇಗದ ಹಡಗನ್ನು ಕೊಂಡಾಡುವ ಯಾರೂ ಆ ಸಾವನ್ನು ಮರೆಯುವಂತಿಲ್ಲ.

ಈಗಿನ ಹಡಗಿನ ಅಟ್ಟದಿಂದ ನೋಡಿದರೆ ಆ ಎಚ್ಚರ ಏಕೆ ಬೇಕೆಂದು ತಾನಾಗಿ ಅರಿವಾಗುತ್ತದೆ. ಫ್ರೆಂಚ್‌ಮನ್ ಕೊಲ್ಲಿಯ ತುಂಬ ಬಣ್ಣಬಣ್ಣದ ಬೋಯಾಗಳು ತೇಲುತ್ತಿರುತ್ತವೆ. ಒಂದೊಂದರ ಕೆಳಗೂ ಹಗ್ಗ, ಹಗ್ಗದ ತುದಿಯಲ್ಲಿ ಲಾಬ್‌ಸ್ಟರ್ ಹಿಡಿಯುವ ಬೋನು. ಬಣ್ಣ ನೋಡಿ ಇದು ಯಾರ ಬೋನು ಎಂದು ಊರವರು ಹೇಳಬಲ್ಲರು. ಮೇನ್ ತೀರದಲ್ಲಿ ಬೇಸಗೆಯೇ ಲಾಬ್‌ಸ್ಟರ್ ಸುಗ್ಗಿ. ಮೂರೂವರೆ ಗಂಟೆ ಕಳೆದು ಆ ದಡಕ್ಕೆ ಹೋದರೆ ಚಿತ್ರ ಪೂರಾ ತಿರುವು ಮುರುವು. ನೈಋತ್ಯ ನೋವಾ ಸ್ಕೋಷಿಯಾದಲ್ಲಿ ಸುಗ್ಗಿ ನವೆಂಬರ್ ಕೊನೆಯ ಸೋಮವಾರ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ಹಾಗಾಗಿ ಬೇಸಗೆಯ ಪ್ರವಾಸಿಗೆ ಕಾಣುವುದು ದಕ್ಕೆಯ ಮೇಲೆ ಒಂದರ ಮೇಲೊಂದು ಒಟ್ಟಿದ ಸಾವಿರಾರು ಬೋನುಗಳು, ಬಿಸಿಲಿಗೆ ಹಾಕಿದ ಹಗ್ಗದ ಸುರುಳಿಗಳು. ಒಂದೇ ಕಡಲು, ಒಂದೇ ಜೀವಿ, ಎರಡು ದೇಶದ ಎರಡು ಪಂಚಾಂಗ.

ನಡುವಿನ ಮೇನ್ ಕೊಲ್ಲಿಯಲ್ಲಿ ದಡ ಎರಡೂ ಕಡೆ ಮರೆಯಾಗುತ್ತದೆ. ಇಲ್ಲಿ ತಣ್ಣನೆಯ ನೀರಿನ ಮೇಲೆ ಬೇಸಗೆಯ ಬಿಸಿಗಾಳಿ ಬಂದು ಕಾವಳ ಕವಿಯುವುದು ಮಾಮೂಲು. ಅಲೆ ಎತ್ತರವಾದಾಗ ಎರಡು ಒಡಲಿನ ಹಡಗು ಅಗಲದ ಬಲದಿಂದ ಹೊರಳಾಟ ತಡೆದುಕೊಂಡರೂ ಮುಂದಕ್ಕೆ ಹಿಂದಕ್ಕೆ ತೂಗುತ್ತದೆ. ಆ ತೂಗಾಟ ತಗ್ಗಿಸಲು ನೀರೊಳಗೆ ಅಲುಗುವ ರೆಕ್ಕೆಗಳಿದ್ದರೂ ಹೊಟ್ಟೆ ನಾಜೂಕಿನವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿರುತ್ತಾರೆ. ಉಳಿದವರು ಕಿಟಕಿಗೆ ಹಣೆ ಆನಿಸಿ ತಿಮಿಂಗಿಲದ ಕಾರಂಜಿ ಹುಡುಕುತ್ತಾರೆ. ಇದು ನಾಲ್ಕುನೂರೂ ಉಳಿದಿರದ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳು ಓಡಾಡುವ ಕಡಲು. ಹವಾಯಿಯಲ್ಲಿ ಕೇಳಿದ ಪ್ರಶ್ನೆ ಈ ಹಡಗಿನ ಬೆನ್ನು ಬಿಟ್ಟಿಲ್ಲ, ಬಿಡಲೂಬಾರದು.

ಯಾರ್ಮತ್ ಏಕೆ ಈ ಹಡಗಿಗಾಗಿ ಇಷ್ಟು ಹಂಬಲಿಸಿತು? 7,000 ಜನವೂ ಇಲ್ಲದ ಊರು. ಅಮೆರಿಕದಿಂದ ನೋವಾ ಸ್ಕೋಷಿಯಾಗೆ ರಸ್ತೆಯಲ್ಲಿ ಬರುವವರು ಪ್ರಾಂತ್ಯದ ಇನ್ನೊಂದು ತುದಿಯಿಂದ ಒಳಗೆ ಬರುತ್ತಾರೆ. ಯಾರ್ಮತ್ ಅವರಿಗೆ ಕಟ್ಟಕಡೆಯ ನಿಲ್ದಾಣ, ಬಹಳ ಮಂದಿ ಅಲ್ಲಿಯವರೆಗೆ ಬರುವುದೇ ಇಲ್ಲ. ಹಡಗಿದ್ದರೆ ಅದೇ ಊರು ಹೆಬ್ಬಾಗಿಲು. 2009ರ ಡಿಸೆಂಬರ್‌ನಲ್ಲಿ ಪ್ರಾಂತ್ಯ ಸರ್ಕಾರ ಸಹಾಯಧನ ನಿಲ್ಲಿಸಿ ಕ್ಯಾಟ್ ಹೊರಟುಹೋದಾಗ ಊರಿನ ಹೋಟೆಲು, ಮೋಟೆಲುಗಳು ಬಾಗಿಲೆಳೆದುಕೊಂಡವು. 2014ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಓಡತೊಡಗಿದ ‘ನೋವಾ ಸ್ಟಾರ್’ ಎಂಬ ದೊಡ್ಡ ನಿಧಾನದ ಹಡಗು ಎರಡೇ ಹಂಗಾಮಿನಲ್ಲಿ ಸಾರ್ವಜನಿಕರ ಸುಮಾರು 4 ಕೋಟಿ ಡಾಲರ್ ಕರಗಿಸಿ, ಬಾಕಿ ತೀರಿಸದೆ ಅಮೆರಿಕದ ಅಧಿಕಾರಿಗಳಿಂದ ಜಪ್ತಿಯಾಯಿತು. ಆಗ ಬೇ ಫೆರೀಸ್ ಕಣ್ಣು ಹಾಕಿದ್ದು ಫಿಲಡೆಲ್ಫಿಯಾದಲ್ಲಿ ಮಲಗಿದ್ದ ಅಲಾಕೈ ಮೇಲೆ.

2016ರಲ್ಲಿ ನೌಕಾಪಡೆಯಿಂದ ಬಾಡಿಗೆಗೆ ಪಡೆದು, ದಕ್ಷಿಣ ಕ್ಯಾರೊಲಿನಾದಲ್ಲಿ ದುರಸ್ತಿ ಮಾಡಿಸಿ ಪೋರ್ಟ್‌ಲ್ಯಾಂಡ್ ದಾರಿಗೆ ಇಳಿಸಿದರು. ಖಾಸಗಿ ಕಂಪನಿ ಎಂದರೂ ಮೊದಲ ಎರಡು ವರ್ಷಕ್ಕೆ ನೋವಾ ಸ್ಕೋಷಿಯಾ ಸರ್ಕಾರ ಒಪ್ಪಿದ ಮೊತ್ತ 3.27 ಕೋಟಿ ಕೆನಡಾ ಡಾಲರ್. ಅದರಲ್ಲಿ ಅಮೆರಿಕ ನೌಕಾಪಡೆಯ ಹಡಗಿನ ದುರಸ್ತಿ ವೆಚ್ಚವೂ ಸೇರಿತ್ತು. ಅಮೆರಿಕದ ಬಾವುಟ ಹೊತ್ತ ಹಡಗಾದ್ದರಿಂದ ಸಿಬ್ಬಂದಿಯೂ ಅಮೆರಿಕದವರೇ. ಹಣ ನಮ್ಮದು, ಕೆಲಸ ಅವರದ್ದೇ ಎಂದು ಯಾರ್ಮತ್‌ನ ನಾವಿಕರು ಕೇಳಿದ್ದರಲ್ಲಿ ತಪ್ಪಿಲ್ಲ. ಮೊದಲ ಹಂಗಾಮಿನ 35,000ದಿಂದ ಪ್ರಯಾಣಿಕರ ಸಂಖ್ಯೆ 2018ರಲ್ಲಿ 50,000 ಮುಟ್ಟಿತು. ಅಷ್ಟರಲ್ಲಿ ದಾರಿಯನ್ನು ಬಾರ್ ಹಾರ್ಬರ್‌ಗೆ ಬದಲಿಸುವ ನಿರ್ಧಾರವಾಯಿತು. ಹತ್ತಿರದ ದಾರಿ, ಕಡಿಮೆ ಡೀಸೆಲ್, ಸರಿಯಾದ ನಿರ್ಧಾರವೇ. ಆದರೆ ಅಲ್ಲಿನ ಹಳೆಯ ಟರ್ಮಿನಲ್ ಅಮೆರಿಕದ ಗಡಿ ಅಧಿಕಾರಿಗಳು ಕೇಳಿದ ಮಟ್ಟಕ್ಕೆ ಸಿದ್ಧವಾಗಲಿಲ್ಲ. 2019ರ ಹಂಗಾಮು ಹೋಯಿತು. 2020, 2021 ಕೋವಿಡ್ ಪಾಲಾದವು. ಹಡಗು ಒಬ್ಬನನ್ನೂ ದಾಟಿಸದ ಆ ಮೂರು ವರ್ಷವೂ ಪ್ರಾಂತ್ಯದ ಬೊಕ್ಕಸದಿಂದ ಕೋಟಿಗಟ್ಟಲೆ ಹಣ ಹೋಗುತ್ತಲೇ ಇತ್ತು.

ಇದನ್ನೆಲ್ಲ ನೋಡಿದರೆ ಖಾಸಗಿ ಎಂಬುದರ ಅರ್ಥ ಇಲ್ಲಿ ಸೀಮಿತ. ಹಡಗು ಅಮೆರಿಕ ಸರ್ಕಾರದ್ದು, ನಷ್ಟ ನೋವಾ ಸ್ಕೋಷಿಯಾದ ತೆರಿಗೆದಾರರದು, ಕಂಪನಿಗೆ ಓಡಿಸಿದ್ದಕ್ಕೆ ನಿರ್ವಹಣಾ ಶುಲ್ಕ. ಆ ಶುಲ್ಕವೆಷ್ಟು ಎಂಬುದನ್ನು ವ್ಯಾಪಾರದ ಗುಟ್ಟೆಂದು ವರ್ಷಗಳ ಕಾಲ ಮುಚ್ಚಿಟ್ಟರು. ವಿರೋಧ ಪಕ್ಷ ನ್ಯಾಯಾಲಯಕ್ಕೆ ಹೋಗಿ, 2021ರಲ್ಲಿ ತೀರ್ಪು ಬಂದ ಮೇಲೆ ಜನರಿಗೆ ತಿಳಿಯಿತು: ವರ್ಷಕ್ಕೆ 11.7 ಲಕ್ಷ ಡಾಲರ್. ಒಟ್ಟು ಖರ್ಚಿನ ಮುಂದೆ ಅದು ದೊಡ್ಡ ಮೊತ್ತವೇನಲ್ಲ. ಮುಚ್ಚಿಟ್ಟಿದ್ದೇ ದೊಡ್ಡ ತಪ್ಪು. ರಸ್ತೆಗೆ, ಸೇತುವೆಗೆ ಸರ್ಕಾರ ಹಣ ಹಾಕಿದರೆ ಯಾರೂ ಲಾಭ ಕೇಳುವುದಿಲ್ಲ. ಕಡಲದಾರಿಗೂ ಹಾಗೆ ಹಣ ಹಾಕಬಹುದು. ಮೂಲೆಯ ಊರೊಂದಕ್ಕೆ ಜೀವ ಬರುವುದಾದರೆ ಹಾಕಲೇಬೇಕು. ಆದರೆ ಲೆಕ್ಕವನ್ನು ಬಂದರಿನ ಗೋಡೆಯ ಮೇಲೆ ಬರೆದಷ್ಟು ಬಹಿರಂಗವಾಗಿಟ್ಟು ಹಾಕಬೇಕು. ಹವಾಯಿಯಲ್ಲಿ ಅಧ್ಯಯನ ಬಿಟ್ಟದ್ದೂ ನೋವಾ ಸ್ಕೋಷಿಯಾದಲ್ಲಿ ಶುಲ್ಕ ಮರೆಸಿದ್ದೂ ಒಂದೇ ಜಾತಿಯ ತಪ್ಪು. ಎರಡೂ ಕಡೆ ಹಡಗನ್ನು ಪ್ರೀತಿಸಿದ ಜನರನ್ನೇ ನಂಬಲಿಲ್ಲ.

2022ರ ಮೇ 19ರಂದು ಕ್ಯಾಟ್ ಮತ್ತೆ ಹೊರಟಾಗ ಯಾರ್ಮತ್–ಬಾರ್ ಹಾರ್ಬರ್ ಮಾರ್ಗ 2009ರ ನಂತರ ಮೊದಲ ಬಾರಿಗೆ ತೆರೆಯಿತು.

ಯಾರ್ಮತ್‌ನ ಗಡಿಯಾರದಲ್ಲಿ ಸಂಜೆ ಏಳರ ನಂತರ ಎಡಗಡೆ ಕೇಪ್ ಫೋರ್ಚು ದೀಪಸ್ತಂಭ ಕಾಣುತ್ತದೆ. 1962ರಲ್ಲಿ ಕಟ್ಟಿದ್ದು, ನಡು ಸಣ್ಣ, ಮೇಲೂ ಕೆಳಗೂ ಅಗಲ, ಮೈಮೇಲೆ ಕೆಂಪು ಬಿಳಿ ಪಟ್ಟೆ. ಬಂಡೆಗಳ ಮೇಲೆ ನಿಂತ ಊರವರು ಹಡಗಿಗೆ ಕೈಬೀಸುತ್ತಾರೆ. ವೇಗ ತಗ್ಗುತ್ತದೆ, ನೊರೆಯ ರಸ್ತೆ ಹಿಂದೆ ಕರಗುತ್ತದೆ, ಧ್ವನಿವರ್ಧಕದಲ್ಲಿ ಕಾರಿನವರು ಕೆಳಗಿಳಿಯಬಹುದೆಂಬ ಸೂಚನೆ ಬರುತ್ತದೆ. ಕೆನಡಾದ ಅಧಿಕಾರಿಗಳ ನಾಲ್ಕು ಪ್ರಶ್ನೆ ಮುಗಿಸಿ ಹೊರಬಂದರೆ ಮುಂದೆ ಬೆಟ್ಟದ ಏರಿನಲ್ಲಿ ಮರದ ಮನೆಗಳ ಊರು. ಉತ್ತರಕ್ಕೆ ಹೊರಟರೆ ಫ್ರೆಂಚ್ ಮಾತಾಡುವ ಅಕೇಡಿಯನ್ನರ ಕ್ಲೇರ್ ಹಳ್ಳಿಗಳು, 1755ರಲ್ಲಿ ಬ್ರಿಟಿಷರು ಹೊರದಬ್ಬಿದ ಮೇಲೂ ಮರಳಿ ಬಂದು ನೆಲೆನಿಂತವರ ಊರುಗಳು.

ಬಾಸ್ಟನ್ ಸುತ್ತಮುತ್ತಲ ಕನ್ನಡಿಗ ಕುಟುಂಬಗಳಿಗೆ ಅಕೇಡಿಯಾ ಉದ್ಯಾನ ಹೊಸದಲ್ಲ. ಐದು ಗಂಟೆ ಕಾರು ಓಡಿಸಿದರೆ ಸಿಗುವ ಜಾಗ. ಬಹುಪಾಲು ಜನ ಕ್ಯಾಡಿಲ್ಯಾಕ್ ಬೆಟ್ಟದ ಸೂರ್ಯೋದಯ ನೋಡಿ ಅಲ್ಲಿಂದಲೇ ಹಿಂತಿರುಗುತ್ತಾರೆ. ಇನ್ನೊಂದು ದಡವನ್ನೂ ನೋಡುವ ಮನಸ್ಸಿದ್ದವರು ಬೇಸಗೆಯಲ್ಲೇ ಯೋಜನೆ ಹಾಕಬೇಕು, ಚಳಿಗಾಲದಲ್ಲಿ ಈ ಹಡಗು ಓಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಎಚ್-1ಬಿ ಮೇಲೆ ಇರುವವರಿಗೆ ಕೆನಡಾ ವೀಸಾ ಮೊದಲೇ ಬೇಕು, ಗ್ರೀನ್ ಕಾರ್ಡ್ ಇರುವವರಿಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಲಿ. ಗಾಳಿ ಜೋರಾದ ದಿನ ಯಾನ ರದ್ದಾಗುವುದುಂಟು, ಹಾಗಾಗಿ ಆ ದಡದ ಕಾರ್ಯಕ್ರಮದಲ್ಲಿ ಒಂದು ದಿನ ಬಿಡುವಿಟ್ಟುಕೊಳ್ಳಿ. ಯಾರ್ಮತ್‌ನಲ್ಲಿ ಇಳಿದ ಕೂಡಲೇ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ. ಮರಳುವ ಹಡಗು ಹೊರಡುವುದು ಅಲ್ಲಿನ ಬೆಳಿಗ್ಗೆ ಒಂಬತ್ತೂವರೆಗೆ.